ಮಂಗಳವಾರದ ನೀಲಿ

ತೆವಾಕಾನಿನ ಕಾಲುವೆಗೆ ಕ್ಯಾಲೆಂಡರು ಬೇಡ.
ಯಾವ ದೇಶದ ಹುಡುಗರು ಈ ಸಲ ಯಾವ ಬಣ್ಣದ ಜೀನ್ಸ್ ತೊಡುತ್ತಾರೆಂಬುದು
ಅಂಗಡಿಗಿಂತ ಆರು ತಿಂಗಳು ಮೊದಲೇ
ಒತಿಲಿಯಾ ಚಿಕ್ಕಮ್ಮನ ಜೋಳದ ಹೊಲಕ್ಕೆ ಗೊತ್ತು.
ಸಾಲಿನ ನಡುವೆ ನೀರು ತಿರುಗಿಸುತ್ತ ಅನ್ನುತ್ತಾಳೆ:
"ಈ ವರ್ಷ ಬೂದು ಕಣೇ, ನೀಲಿ ಹಿಂದೆ ಬಿತ್ತು."

ಅಪ್ಪ ಇಪ್ಪತ್ತಾರು ವರ್ಷ ಲಾಂಡ್ರಿಯಲ್ಲಿದ್ದ.
ಕಲ್ಲು ಹಾಕಿ ತಿರುಗಿಸಿ
ಹೊಸ ಬಟ್ಟೆಯನ್ನು ಹಳೆಯದು ಮಾಡುವ ಕೆಲಸ;
ಯಾರೋ ಮಂಡಿಯೂರುವ ಮೊದಲೇ
ಅವರ ಮಂಡಿ ಸವೆಸಿಕೊಡುವುದು.
ಉಗುರುಸಂದಿಯ ನೀಲಿ ಎಷ್ಟು ಉಜ್ಜಿದರೂ ಹೋಗದು,
ಮುಟ್ಟಿದ್ದಕ್ಕೆಲ್ಲ ಹತ್ತುವುದು ಮಾತ್ರ ಬಿಡದು.
ಬಾಗಿಲ ಚಿಲಕ, ಉಪ್ಪಿನ ಡಬ್ಬಿ,
ಮೊದಲ ಪರಮಪ್ರಸಾದದ ದಿನ ನಾನುಟ್ಟ ಬಿಳಿ ಲಂಗದ ಅಂಚು.
ಅಮ್ಮ ಬೈಯಲಿಲ್ಲ.
ಅಂಚನ್ನು ಒಳಗೆ ಮಡಚಿ ಹೊಲಿದಳು.

ನಾನು ಕಲಿತದ್ದು ಮಣ್ಣಿನ ಓದು.
ಯುಕಟಾನಿನಿಂದ ಚೀಲದಲ್ಲಿ ಬರುವ ಬಿಳಿ ಜೇಡಿ,
ನಾಲಿಗೆಗಿಟ್ಟರೆ ಅಂಟುತ್ತದೆ
(ಇಟ್ಟಿದ್ದೇನೆ, ಮೇಷ್ಟ್ರು ಅತ್ತ ತಿರುಗಿದಾಗ).
ಬರಿಗಣ್ಣಿಗೆ ಪುಡಿ.
ದೊಡ್ಡದು ಮಾಡಿ ನೋಡಿದರೆ ಹುಲ್ಲುಕಡ್ಡಿಗಳ ಕಂತೆ,
ಕಡ್ಡಿ ಕಡ್ಡಿಯೊಳಗೂ ಓಣಿ.
ಕಾಡಿನೊಳಗಿನ ಮಾಯಾ ಗೋಡೆಗಳ ಮೇಲೆ
ಇನ್ನೂ ಮಳೆಗೆ ಜಗ್ಗದ ನೀಲಿಯೊಂದಿದೆಯಲ್ಲ,
ಅದು ಹೊಕ್ಕು ಕೂತಿರುವುದು ಈ ಜೇಡಿಯಲ್ಲೇ.

ಆದರೆ ಮಣ್ಣಿಗೆ ನೀರಿನದೇ ನೆಂಟಸ್ತಿಕೆ.
ನಮ್ಮ ಕಾಲುವೆಯ ಬಣ್ಣ ಬಂದು ನಿಂತರೆ ಕದ ತೆಗೆಯದು.
ಮೊದಲು ಸಾಬೂನಿನ ದಾಯಾದಿಯೊಬ್ಬನನ್ನು ಕಳಿಸಬೇಕು,
ತಲೆ ಮಣ್ಣಿಗೆ ಅಂಟಿ, ಬಾಲ ಹೊರಗೆ ಚಾಚಿ ನಿಲ್ಲುವವನನ್ನು.
ಕರೆಯದೆ ಬಂದವರನ್ನೂ ಕೈಹಿಡಿದು
ಮದುವೆಮನೆಯೊಳಗೆ ಕೂರಿಸುವ ಸೋದರಮಾವ
ಎಲ್ಲ ಊರಲ್ಲೂ ಒಬ್ಬ ಇರುತ್ತಾನೆ.

ಏಳು ಡ್ರಮ್ಮು ಹಾಳಾದವು.
ಒಂದು ನಾರಿತು. ಒಂದಕ್ಕೆ ಪಕ್ಕದ ಮನೆಯ ಕೋಳಿ ಬಿತ್ತು,
ಮೂರು ವಾರ ನೀಲಿ ಪುಕ್ಕದಲ್ಲಿ ಓಡಾಡಿತು.
ಎಂಟನೆಯದರಲ್ಲಿ, ಬೆಳಗ್ಗೆ ಮುಚ್ಚಳ ಎತ್ತಿದರೆ
ಮೇಲೆ ತಿಳಿನೀರು,
ತಳದಲ್ಲಿ ನಿದ್ದೆಹೋದ ನೀಲಿ ಕೆಸರು.

ಚಿಕ್ಕಮ್ಮ ಬಗ್ಗಿ ನೋಡಿದಳು. "ಕುಡಿಯಬಹುದಾ?"
"ಇಲ್ಲ. ಉಪ್ಪು ಹಾಗೇ ಇದೆ. ಕಣ್ಣಿಗೆ ಕಾಣುವುದಷ್ಟೇ ಹೋಗಿದ್ದು."
"ಹಾಗಾದರೆ ಮೊದಲೇ ವಾಸಿ.
ಆಗ ನೋಡಿದರೆ ಗೊತ್ತಾಗುತ್ತಿತ್ತು."

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಉಪ್ಪಿಗೆಂದು ಇನ್ನೊಂದು ತೊಟ್ಟಿ ಕಟ್ಟುತ್ತಿದ್ದೇವೆ,
ಅರ್ಧ ಗೋಡೆ ಎದ್ದಿದೆ, ಸಿಮೆಂಟಿಗೆ ದುಡ್ಡಿಲ್ಲ.

ಕೆಸರನ್ನು ತಗಡಿನ ಮೇಲೆ ಒಣಗಿಸಿ
ಬೇಕರಿಯವರ ಒಲೆ ತಣ್ಣಗಾಗುವ ಹೊತ್ತಿಗೆ ಒಳಗೆ ತಳ್ಳಿ,
ಅಜ್ಜಿಯ ಮೂರು ಕಾಲಿನ ಅರೆಗಲ್ಲಿನ ಮೇಲೆ ಅರೆಯುತ್ತೇನೆ.
ಅದರಲ್ಲಿ ಇನ್ನು ಜೋಳ ಅರೆಯುವಂತಿಲ್ಲ; ಅಜ್ಜಿ ಇದ್ದಿದ್ದರೆ ಕೊಡುತ್ತಿರಲಿಲ್ಲ.
ಒಂದು ದಿನದ ಬಣ್ಣ ಇನ್ನೊಂದು ದಿನ ಬರುವುದಿಲ್ಲ,
ಹಾಗಾಗಿ ಡಬ್ಬಿಗಳ ಮೇಲೆ ಹೆಸರಿಲ್ಲ, ತಾರೀಖು:
ಮಾರ್ಚ್ ಹನ್ನೊಂದು, ಕಪ್ಪು ಜೀನ್ಸಿನ ವಾರ, ಇದ್ದಿಲ ನೀಲಿ.
ಮೇ ಮೂರು, ಲಾಂಡ್ರಿ ರಜೆ, ಬರಿ ಬಿಳಿ.
ಜುಲೈ ಎಂಟು, ಮಂಗಳವಾರ,
ಸಂಜೆ ದೀಪ ಹಚ್ಚುವ ಮೊದಲಿನ ಆಕಾಶ.

ಮಂಗಳವಾರದ್ದನ್ನು ಸುಣ್ಣದಲ್ಲಿ ಕಲಸಿ
ಮನೆಯ ಬೀದಿಗೋಡೆಗೆ ಬಳಿದೆವು.
ಅಪ್ಪ ಕುರ್ಚಿಯಿಂದೆದ್ದು ಬಂದ.
ಬಾಗಿಲ ಪಕ್ಕ ನಿಂತು, ಹೆಬ್ಬೆರಳಿಗೆ ಎಂಜಲು ಹಚ್ಚಿ
ಗೋಡೆಯನ್ನು ಉಜ್ಜಿದ. ಬೆರಳು ನೋಡಿದ.
ಇನ್ನೊಮ್ಮೆ, ಜೋರಾಗಿ.
ಬೆರಳು ನೋಡಿದ.

"ಚೆನ್ನಾಗಿದೆ," ಅಂದ.
"ನಮ್ಮ ನೀಲಿ ಅಲ್ಲ ಬಿಡು ಇದು.
ನಮ್ಮದು ಕೈಗೆ ಹತ್ತುತ್ತದೆ."