ಒಂದಕ್ಕೆ

ರಕ್ತ ಬೇಡ ಎಂದಿದ್ದೆ ಫೋನಿನಲ್ಲಿ.
ಸೂಜಿ ಕಂಡರೆ ಬೆಸಗರಹಳ್ಳಿ ಪೂರಾ ಕೇಳುವಂತೆ
ಅರಚುತ್ತಾನೆಂದು ಪ್ರಮೀಳ ಮೊದಲೇ ಹೇಳಿದ್ದಳು.
ಚರ್ಮವೂ ಬೇಡ. ಉಚ್ಚೆ ಸಾಕು, ಅಂದೆ.
ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ:
'ಅದ್ರಲ್ಲೇನದೆ ಮೇಡಂ, ಸುಮ್ಕೆ ಚೆಲ್ಲೋದ್ರಲ್ಲಿ?'

ಎಂಟು ವರ್ಷ. ನೆಲದಿಂದ ಏಳಬೇಕಾದರೆ
ಕೈ ಮೊಣಕಾಲಿಗೆ, ಮೊಣಕಾಲಿನಿಂದ ತೊಡೆಗೆ,
ತನ್ನ ಮೈಯನ್ನೇ ಏಣಿ ಮಾಡಿ ಹತ್ತುತ್ತಾನೆ ನಿಶ್ಚಲ.
ನಿಂತ ಮೇಲೆ, ಹತ್ತಿದ್ದು ತಾನಲ್ಲವೆಂಬಂತೆ
ಚಡ್ಡಿ ಎಳೆದುಕೊಂಡು ಎತ್ತಲೋ ನೋಡುತ್ತಾನೆ.

ಭೀಮನ ಅಮಾವಾಸ್ಯೆ ಕಳೆದ ಶನಿವಾರ
ಮದ್ದೂರಿನಿಂದ ಬೆಳಗಿನ ರೈಲಿಗೆ ಬಂದರು.
ಬಾಟಲಿ ಹಿಡಿದು ನಮ್ಮ ಲ್ಯಾಬಿನ ಶೌಚಾಲಯದಲ್ಲಿ
ಅರ್ಧ ಗಂಟೆ. ಬರಲಿಲ್ಲ.
ಎರಡು ಲೋಟ ನೀರು, ಒಂದು ಎಳನೀರು. ಬರಲಿಲ್ಲ.
ತಾಯಿ ನಲ್ಲಿ ಬಿಟ್ಟು ಸದ್ದು ಮಾಡಿದಳು,
'ಸ್ಸ್ ಸ್ಸ್' ಅಂದಳು, ಎಳೆಗೂಸಿಗೆ ಅನ್ನುವ ಹಾಗೆ.
'ಅಮ್ಮ, ನೀ ಆಚ್ಗೋಗು.'
ಕಾರಿಡಾರಿನಲ್ಲಿ ಪಿಎಚ್‌ಡಿ ಮಾಡುವ ಐವರು
ಕುಕ್ಕರಹಳ್ಳಿ ಕೆರೆಯ ಕಡೆ ಮುಖ ತಿರುಗಿಸಿ
ಗರ್ಭಗುಡಿಯ ಪರದೆ ಸರಿಯಲೆಂದು ಕಾದವರಂತೆ ನಿಂತರು.

ಕೊನೆಗೆ ಬಾಗಿಲ ಸಂದಿಯಿಂದ ಕಿರುಬೆರಳು,
ಕ್ಲಾಸಿನಲ್ಲಿ ಮೇಷ್ಟ್ರಿಗೆ ತೋರಿಸುವಂತೆಯೇ.
ಆದರೆ ಹೋಗಲಾ ಅಂತಲ್ಲ, ಆಯ್ತು ಅಂತ.
ಎಪ್ಪತ್ತು ಎಂ.ಎಲ್. ಬೆಚ್ಚಗಿತ್ತು.
ಲೇಬಲ್ಲಿನಲ್ಲಿ ಅವನ ಹೆಸರು ಬರೆಯುವಂತಿಲ್ಲ. ನಂಬರು ಬರೆದೆ.

ಸೆಂಟ್ರಿಫ್ಯೂಜಿಗೆ ಹಾಕಿ ತಿರುಗಿಸಿದರೆ
ಬಣ್ಣವೆಲ್ಲ ಮೇಲೆ, ತಳದಲ್ಲಿ ಕಂಡೂ ಕಾಣದ ಗಸಿ.
ಮೂತ್ರಪಿಂಡದಲ್ಲಿ ಪಾಳಿ ಮುಗಿಸಿ
ಕಳಚಿಕೊಂಡು ಹೊರಟ ಕೋಶಗಳು,
ಊರೂರಿನ ಚರಂಡಿಯಲ್ಲಿ ದಿನಾ ಹರಿದುಹೋಗುವವು.
ಐದನೇ ದಿನ ಎರಡು ತಟ್ಟೆಗೆ ಅಂಟಿಕೊಂಡಿದ್ದವು.
ಹನ್ನೊಂದನೇ ದಿನ ಒಂದು ಕೇರಿ.

ಆಮೇಲಿನದು ಮರೆಸುವ ಕೆಲಸ.
ನಾಲ್ಕು ಜೀನುಗಳನ್ನು ಒಳಗೆ ಬಿಟ್ಟು ಕೂತು ಕಾಯುವುದು:
ನೀನು ಮೂತ್ರಪಿಂಡವಲ್ಲ, ಉಪ್ಪು ಸೋಸಿದ್ದನ್ನು ಮರೆ,
ಹುಟ್ಟಿದ್ದನ್ನೂ ಮರೆ,
ಏನೂ ಆಗದೆ ಇದ್ದೆಯಲ್ಲ ಒಮ್ಮೆ, ಅಲ್ಲಿಗೆ ನಡೆ.
ಸಾವಿರಕ್ಕೆ ಒಂದು ಮಾತು ಕೇಳುತ್ತದೆ. ಉಳಿದವು ಸಾಯುತ್ತವೆ,
ಇಲ್ಲವೇ ಹಠ ಹಿಡಿದು ಮೂತ್ರಪಿಂಡವಾಗಿಯೇ ಕೂರುತ್ತವೆ.
ದಸರೆ ರಜೆಯಲ್ಲೂ ಅವಕ್ಕೆ ಊಟ ಹಾಕಲು ಬಂದೆ.
ಊರೆಲ್ಲ ದೀಪ. ಇನ್‌ಕ್ಯುಬೇಟರಿನೊಳಗೆ
ಮೂವತ್ತೇಳು ಡಿಗ್ರಿ ಕತ್ತಲು.

ಇದನ್ನೆಲ್ಲ ಪ್ರಮೀಳಗೆ ಹೇಳಲು ತಡವರಿಸುತ್ತಿದ್ದೆ.
ಗೆಜ್ಜಲಗೆರೆ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಮಾಡುವವಳು,
ಅವಳೇ ಹೇಳಿದಳು: 'ಹೊಲ್ದಿರೋ ಷರಟ ಬಿಚ್ಚಿ
ತಿರ್ಗ ಬಟ್ಟೆ ಪೀಸ್ ಮಾಡ್ತೀರ. ಅಷ್ಟೇ ತಾನೆ?'
ಅಷ್ಟೇ, ಅಂದೆ.
'ನೇಯ್ಗೆಲೇ ನೂಲು ತಪ್ಪಿದ್ರೆ?'

ತಪ್ಪಿಯೇ ಇರುತ್ತದೆ.
ಎಲ್ಲ ಮರೆತ ಕೋಶ ಅದೊಂದನ್ನು ಮರೆಯುವುದಿಲ್ಲ.
ಮರೆತರೆ ನಮಗದು ಬೇಡವೂ ಬೇಡ,
ಆ ತಪ್ಪಿಗಾಗಿಯೇ ಇಷ್ಟೆಲ್ಲ.
ನಿಮ್ಮ ಕಡೆಯಿಂದ ಬಂದದ್ದು ಎಂದು ಅವಳಿಗೆ ಹೇಳಿದ
ಡಾಕ್ಟರು ನಾನಲ್ಲ. ಆದರೂ ನನ್ನ ಮುಂದೆಯೇ
ವೇಲಿನ ಅಂಚನ್ನು ಬೆಳಕಿಗೆ ಹಿಡಿದು
ಎಳೆ ಎಳೆಯಾಗಿ ನೋಡುತ್ತ ಕೂತಳು,
ರಿಜೆಕ್ಟ್ ಸ್ಟಿಕ್ಕರ್ ಅಂಟಿಸುವ ಮುಂಚೆ ನೋಡುವಂತೆ.

ಚಳಿಗಾಲಕ್ಕೆ ಅವು ಹೃದಯದ ಕೋಶಗಳಾದವು.
ಸಾಸಿವೆಯಷ್ಟೂ ಇಲ್ಲದ ತುಣುಕು
ತಟ್ಟೆಯಲ್ಲಿ ಮಿಡಿಯುತ್ತಿತ್ತು, ಎದೆಯಿಲ್ಲದೆ.
ನಿಶ್ಚಲನನ್ನು ಸ್ಟೂಲಿಗೆ ಎತ್ತಿ ಕೂರಿಸಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ.
ಒಂದು ಕಣ್ಣು ಮುಚ್ಚಿ ನೋಡಿದ. ಬಹಳ ಹೊತ್ತು ನೋಡಿದ.
'ಇದು ನನ್ ಉಚ್ಚೇನಾ?'
ಹೂಂ.
'ಸುಸ್ತಾಗಲ್ವಾ ಅದ್ಕೆ?'

ಆಗುತ್ತದೆ. ಬೇರೆ ಮಕ್ಕಳದಕ್ಕಿಂತ ಬೇಗ.
ಎಷ್ಟು ಬೇಗ ಎಂದು ಬರೆದುಕೊಳ್ಳುತ್ತೇವೆ,
ಹನಿ ಔಷಧ ಬಿಟ್ಟು ಮತ್ತೆ ಎಣಿಸುತ್ತೇವೆ,
ಯಾವತ್ತೋ ಯಾರಿಗೋ
ಎಂಬಲ್ಲಿಗೆ ನನ್ನ ಮಾತು ನಿಂತಿತು. ಹೇಳಿದ್ದು ಇಷ್ಟೇ:
ನೋಡ್ತಾ ಇದೀವಿ ಪುಟ್ಟ.

ಅವನು ಕಿರುಬೆರಳು ಎತ್ತಿದ.
ಸ್ಟೂಲಿನಿಂದ ಇಳಿಸಲು ತಾಯಿ ಕಂಕುಳಿಗೆ ಕೈ ಹಾಕಿದವಳು
ನನ್ನತ್ತ ತಿರುಗಿ,
'ಇವತ್ತು ಬಾಟ್ಲಿ ಬೇಕಾ ಮೇಡಂ,
ಇಲ್ಲ ಸುಮ್ಕೆ ಹೋಯ್ಕಂಡು ಬರ್ಲಾ?'