ಇಪ್ಪತ್ತೊಂಬತ್ತು ಪಾಯಿಂಟ್ ನಾಕು

ಮೈಂದರ್ಗಿ ಸಾಲಿ ಬೋರಿನ ನೀರು, ಐವತ್ತು ಎಂ.ಎಲ್.
ಮೂಗಿಗೆ ಅಮೋನಿಯಾದ ಘಾಟು.
ಕರಿ ಪುಡಿ ಚಿಟಿಕೆ ಬಿತ್ತು,
ದ್ರಾಕ್ಷಿ ರಸದ ಕೆಂಪು.
ಬ್ಯುರೆಟ್ಟಿನ ನಲ್ಲಿ ತಿರುವಿ ಕೂತೆ.

"ತಿಂಗಳಿಗೆ ಎರಡು ಸಿಲಿಂಡರ್ ಹೆಚ್ಚು. ಎಲ್ಲಿ ಮಾರ್ತಿ?"
ಕಮಿಟಿಯವರು ಕೇಳಿದ್ದರು ಭೌರವ್ವಗ.
"ಈ ನೀರಾಗ ಬ್ಯಾಳಿ ಬೇಯಂಗಿಲ್ರಿ" ಅಂದಿದ್ದಳು,
ಮರಾಠಿಯಾಗೂ ಒಮ್ಮೆ.
ಎರಡೂ ಭಾಷಾದಾಗ ನಕ್ಕಿದ್ದರು.

ಹನಿ. ಅಲುಗಿಸು. ಹನಿ.
ಇಪ್ಪತ್ತೆಂಟಕ್ಕೂ ಕೆಂಪೇ,
ಸುಣ್ಣದ ಕೈ ಬಿಡಲೊಲ್ಲದು ಬಣ್ಣ.
ಇಪ್ಪತ್ತೊಂಬತ್ತು: ನೇರಳೆ, ಅನುಮಾನ.
ಉಸಿರು ಹಿಡಿದೆ.
ಇನ್ನೊಂದು, ಮತ್ತೊಂದು, ತುದಿಗೆ ತೂಗಿದ ಅರ್ಧ ಹನಿ,
ನೀಲಿ.

ಲೀಟರಿಗೆ ಐನೂರ ಎಂಬತ್ತೆಂಟು ಮಿಲಿಗ್ರಾಂ.
ಸಹಿ, ಶಿಕ್ಕಾ.
ಓದಿ ಹೇಳಿದೆ.
ಭೌರವ್ವ ಫ್ಲಾಸ್ಕ್ ಕಿಟಕಿಗೆ ಹಿಡಿದು ನೋಡಿ
"ಚಂದ ಅದ.
ಇದರಾಗರ ಬೇಯ್ತದೇನ್ರಿ?" ಅಂದಳು.