ಇಪ್ಪತ್ತನಾಲ್ಕರಲ್ಲಿ ಮೂಲೆ

ಸುವಾ ಕೆರೆಗೆ ಬೆನ್ನು ಹಾಕಿದ ಕಟ್ಟಡ,
ಎರಡನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಹತ್ತೊಂಬತ್ತು ವರ್ಷದಿಂದ ಚಿಗುಸಾ ಇಲ್ಲಿ
ಬಿಳಿ ಹಲಗೆಯೊಂದರ ಚಿತ್ರ ತೆಗೆಯುತ್ತಾಳೆ.
ಬರೀ ಬಿಳಿ. ಹೂವಿಲ್ಲ, ಮುಖವಿಲ್ಲ.
ಮೂಲೆಮೂಲೆಗೂ ಒಂದೇ ಅಳತೆಯ ಬೆಳಕು,
ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

ಆದರೂ ಜೂಮ್ ಲೆನ್ಸಿನ ಕೊರಳು ತಿರುವಿ
ಇಪ್ಪತ್ತನಾಲ್ಕಕ್ಕೆ ತಂದು ನಿಲ್ಲಿಸಿದರೆ
ಪರದೆಯ ನಾಲ್ಕೂ ಮೂಲೆಗೆ ಸಂಜೆ,
ನಡುವೆ ಮಾತ್ರ ಮಟಮಟ ಮಧ್ಯಾಹ್ನ.

ಸೇರಿದ ಹೊಸತರಲ್ಲಿ ಬಟ್ಟೆ ತಂದು
ಹಲಗೆ ಒರೆಸಿದ್ದಳು. ಎರಡು ಸಲ.
ಮೊರಿಹಿಕೊ ನಗಲಿಲ್ಲ.
ಲೆನ್ಸನ್ನು ಅವಳ ಕಣ್ಣೆದುರು ಹಿಡಿದು
ಮೆಲ್ಲಗೆ ಓರೆ ಮಾಡಿದರು.
ದುಂಡು ಕಿಂಡಿ ಸೊರಗಿ ಸೊರಗಿ
ಬಾದಾಮಿಯಾಯಿತು,
ಬೆಕ್ಕಿನ ಕಣ್ಣಾಯಿತು,
ಆಮೇಲೆ ಬರೀ ಗೀರು.
"ನೇರ ಬಂದ ಬೆಳಕಿಗೆ ಪೂರ್ತಿ ಬಾಗಿಲು.
ಓರೆ ಬಂದದ್ದಕ್ಕೆ ಇಷ್ಟೇ ಸಂದು.
ಹಲಗೆಯದೇನೂ ತಪ್ಪಿಲ್ಲ."

ಅಂದಿನಿಂದ ಅವಳ ಪುಸ್ತಕದಲ್ಲಿ:
ಇಪ್ಪತ್ತನಾಲ್ಕು, ಎರಡು ಸ್ಟಾಪು ಕಮ್ಮಿ.
ಮೂವತ್ತೈದು, ಒಂದು.
ಎಪ್ಪತ್ತು, ಪರವಾಗಿಲ್ಲ.
ನೂರೈದು, ಮತ್ತೆ ಮುಸ್ಸಂಜೆ.

ಈಗ ಆ ಅಂಕಿಗಳನ್ನೆಲ್ಲ
ಕ್ಯಾಮೆರಾ ನುಂಗಿ ಕೂತಿದೆ.
ಎಲ್ಲಿ ಎಷ್ಟು ಕಪ್ಪೆಂದು ಅದಕ್ಕೆ ಬಾಯಿಪಾಠ,
ಗುಂಡಿ ಒತ್ತಿದೊಡನೆ ತಾನೇ ತುಂಬಿಕೊಡುತ್ತದೆ.
ಮೂಲೆ ಎಂಬುದೇ ಇರಲಿಲ್ಲವೆಂಬಂತೆ.

ಮೊರಿಹಿಕೊ ನಿವೃತ್ತಿಯ ದಿನ
ಕಂಪನಿಯ ಊಟದ ಹಾಲಿನಲ್ಲಿ
ಮಿಸೊ ಸಾರಿನ ಹಬೆಯ ನಡುವೆ ಎಲ್ಲರ ಫೋಟೊ.
ನಡುವೆ ಬನ್ನಿ ಎಂದರೆ ಬರಲಿಲ್ಲ ಮುದುಕ.
"ಮೂಲೆ ನನ್ನ ಕಸುಬು" ಎಂದು
ಎಡತುದಿಗೆ ಹೋಗಿ ನಿಂತರು.
ಮಬ್ಬು ಹಾಲು, ಲೆನ್ಸು ಪೂರ್ತಿ ಕಣ್ಣು ಬಿಟ್ಟಿತ್ತು.

ಪ್ರಿಂಟು ಬಂತು. ಎಲ್ಲ ಬೆಳ್ಳಗೆ.
ಚಿಗುಸಾ ಭೂತಗನ್ನಡಿ ಇಟ್ಟು ನೋಡಿದಳು:
ಮೊರಿಹಿಕೊ ಕೆನ್ನೆಯ ಮೇಲೆ
ಯಾರೋ ರವೆ ಚೆಲ್ಲಿದ ಹಾಗೆ ಕಾಳು ಕಾಳು.
ಬಾರದ ಬೆಳಕನ್ನು ಬಂತೆಂದು ಬರೆದರೆ
ಉಳಿಯುವುದು ಇಷ್ಟೇ, ಮರಳು.
ಮೂಲ ಕಡತ ತೆರೆದು
ತನ್ನ ಅಂಕಿಗಳನ್ನು ತಾನೇ ಕಳೆದಳು.
ಮುಖ ನುಣುಪಾಯಿತು,
ಆದರೆ ಕತ್ತಲಲ್ಲಿತ್ತು.
ಯಾವುದನ್ನು ಕೊಡಲಿ ಇವರಿಗೆ?

ಶುಕ್ರವಾರ ಬೀಗದ ಕೈ ಒಪ್ಪಿಸಲು ಬಂದಾಗ
ಎಲ್ಲರನ್ನೂ ಮತ್ತೆ ಎಬ್ಬಿಸಿ ತಂದಳು.
ವಿಭಾಗದ ಮುಖ್ಯಸ್ಥ ಕುವಾಬರಾ ಗೊಣಗುತ್ತ
ನಟ್ಟನಡುವೆ ಬಂದು ನಿಂತ.
ಮುಕ್ಕಾಲಿ ಇಟ್ಟಳು.
ನಾಲ್ಕು, ಐದೂವರೆ, ಎಂಟು.
ಕಣ್ಣು ಕಿರಿದಾದಂತೆ
ನಡುವಿನ ಮಧ್ಯಾಹ್ನ ಇಳಿಯಿತು,
ಮೂಲೆಯ ಸಂಜೆ ಅದರ ಹತ್ತಿರಕ್ಕೆ ಬಂತು,
ಹೆಚ್ಚುಕಡಿಮೆ ಎರಡೂ ಒಂದೇ ಹೊತ್ತು.
ಇದೊಂದೇ ದಾರಿ, ಯಂತ್ರದಲ್ಲೂ:
ನಡುವಿನವರು ತುಸು ಬಿಟ್ಟುಕೊಡಬೇಕು,
ಎಲ್ಲರೂ ತುಸು ಕಾಯಬೇಕು.
"ಒಂದು ಪೂರ್ತಿ ಸೆಕೆಂಡು. ಅಲ್ಲಾಡಬೇಡಿ."

ಕುವಾಬರಾಗೆ ಗಡಿಯಾರ ನೋಡುವ ಚಟ.
ಪ್ರಿಂಟಿನಲ್ಲಿ ಅವನ ತಲೆ
ಒದ್ದೆ ಬೆರಳು ತಾಗಿದ ಶಾಯಿ.
ಎಡತುದಿಯಲ್ಲಿ,
ಮೂವತ್ತನಾಲ್ಕು ವರ್ಷ ಹಲಗೆಯೆದುರು
ಉಸಿರು ಹಿಡಿದು ನಿಂತು ಕಲಿತವರು
ಹುಬ್ಬಿನ ಒಂದೊಂದು ನರೆಗೂದಲ ಸಮೇತ
ಬಿಡಿಬಿಡಿಯಾಗಿ ಇದ್ದರು.

ಮೊರಿಹಿಕೊ ಪ್ರಿಂಟನ್ನು ದೀಪದಡಿ ಹಿಡಿದರು.
ಕುವಾಬರಾ ಕಡೆ ಕಣ್ಣೂ ಹಾಯಲಿಲ್ಲ,
ತಮ್ಮ ಮುಖದ ಕಡೆಗೂ ಇಲ್ಲ.
ಮುಖದಾಚೆ, ಕಾಗದದ ತುತ್ತತುದಿಯ ಗೋಡೆಯ ಮೇಲೆ
ಹೆಬ್ಬೆರಳು ಆಡಿಸುತ್ತ ನಿಂತು, ಕೊನೆಗೆ,
"ಇನ್ನೂ ಕಾಲು ಸ್ಟಾಪು ಕಮ್ಮಿ ಇದೆ" ಎಂದರು.

ಅವರು ಹೋದ ಮೇಲೆ ಅಳೆದು ನೋಡಿದಳು.
ಇತ್ತು.